"ಎಲ್ಲಿ ಹೋಯ್ತು ಭೂಮಿಯ ಬಿಸಿ?": ಹವಾಮಾನದ ಫಾರ್ವರ್ಡ್‌ಗಳನ್ನು ಮನೆಯಲ್ಲೇ ಒರೆಗೆ ಹಚ್ಚುವ ಕ್ರಮ

ಡಿಸೆಂಬರ್‌ನಲ್ಲಿ ಬೀದರ್, ವಿಜಯಪುರದ ಕಡೆ ಚಳಿ ಬಿಗಿಯಾಯಿತೆಂದರೆ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂದೇ ಬರುತ್ತದೆ: "ಭೂಮಿ ಬಿಸಿಯಾಗ್ತಿದೆ ಅಂತಾರಲ್ಲ, ಎಲ್ಲಿ ಹೋಯ್ತು?" ಏಪ್ರಿಲ್ ಬಂದಾಗ ಅದೇ ಗುಂಪಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಫೋಟೊ: 47 ಡಿಗ್ರಿ, "ಪ್ರಳಯ ಹತ್ತಿರ". ಹೇಳುತ್ತಿರುವುದು ಒಂದಕ್ಕೊಂದು ವಿರುದ್ಧ, ಆದರೆ ಎರಡರ ತಪ್ಪೂ ಒಂದೇ ಬಗೆಯದು. ಇಂಥ ಮಾತಿಗೆ ವಾದದಿಂದ ಉತ್ತರ ಕೊಡಲು ಹೊರಟರೆ ಸಂಜೆಯಾಗುತ್ತದೆ, ಲೆಕ್ಕದಿಂದ ಕೊಟ್ಟರೆ ಹತ್ತು ನಿಮಿಷ. ಬೇಕಾಗುವ ಸಾಮಾನು ಇಷ್ಟೇ: ಕ್ಯಾಲ್ಕ್ಯುಲೇಟರ್, ಸ್ಪ್ರೆಡ್‌ಶೀಟ್ ಇರುವ ಕಂಪ್ಯೂಟರ್ ಅಥವಾ ಫೋನು, ಎರಡು ಗಾಜಿನ ಲೋಟ, ಒಂದು ಬಕೆಟ್.

ಮೊದಲು ಪದದ ಗೊಂದಲ ಬಿಡಿಸಿಕೊಳ್ಳಿ

ಅರ್ಧ ತಪ್ಪು ನಮ್ಮ ಭಾಷೆಯ ಬಳಕೆಯಲ್ಲೇ ಇದೆ. ಶಾಲೆಯ ಭೂಗೋಳ ಪಾಠದಲ್ಲಿ ಎರಡು ಪದಗಳಿದ್ದವು. ಇವತ್ತು ನಾಳೆಯ ಬಿಸಿಲು ಮಳೆಗೆ ಹವಾಮಾನ, ಒಂದು ಪ್ರದೇಶದ ದೀರ್ಘಕಾಲದ ಸರಾಸರಿಗೆ ವಾಯುಗುಣ. ಪತ್ರಿಕೆಗಳು ಎರಡಕ್ಕೂ ಹವಾಮಾನ ಎಂದೇ ಬರೆಯತೊಡಗಿದವು. ಹಾಗಾಗಿ "ಹವಾಮಾನ ವರದಿ" ಕೇಳಿದ ಕಿವಿಗೆ "ಹವಾಮಾನ ಬದಲಾವಣೆ"ಯೂ ನಾಳೆಯ ಮಳೆಯ ವಿಷಯವೇ ಅನಿಸುತ್ತದೆ. ಫಾರ್ವರ್ಡ್ ಬಂದಾಗ ಮೊದಲ ಪ್ರಶ್ನೆ ಇದೇ ಆಗಿರಲಿ: ಇದು ಹೇಳುತ್ತಿರುವುದು ಹವಾಮಾನವನ್ನೋ ವಾಯುಗುಣವನ್ನೋ? ವಾಯುಗುಣಕ್ಕೆ ಕನಿಷ್ಠ 30 ವರ್ಷದ ಸರಾಸರಿ ಬೇಕು. ಅದು ಎಲ್ಲ ದೇಶಗಳ ಹವಾಮಾನ ಇಲಾಖೆಗಳು ಒಪ್ಪಿಕೊಂಡ ಅಳತೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಅದು ಸಾಕಾಗುವುದು ಪಾತ್ರೆಯ ತುಂಬ ಒಂದೇ ಕುದಿ ಇರುವುದರಿಂದ. ಭೂಮಿ ಅಂಥ ಪಾತ್ರೆಯಲ್ಲ. ಬೀದರಿನಲ್ಲಿ ನಡುಕ ಹುಟ್ಟುವ ದಿನವೇ ಇನ್ನೆಲ್ಲೋ ದಾಖಲೆ ಸೆಕೆ ಇರಬಹುದು. ಹಾಗಾಗಿ ಸಂದೇಶದ ಪಕ್ಕದಲ್ಲಿ ಮೂರು ವಿಷಯ ಬರೆದುಕೊಳ್ಳಿ: ಯಾವ ಜಾಗ, ಎಷ್ಟು ವರ್ಷ, ಯಾವುದಕ್ಕೆ ಹೋಲಿಸಿ. ಮೂರರಲ್ಲಿ ಒಂದು ಸಿಗದಿದ್ದರೂ ಆ ಸಂದೇಶದ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ.

ಅಳೆದ ಉಪಕರಣ ಯಾವುದು?

ಕಾರಿನ ಥರ್ಮಾಮೀಟರ್ ಬಂಪರ್ ಹತ್ತಿರ, ಡಾಂಬರಿನ ಮೇಲೆ, ಎಂಜಿನ್ ಪಕ್ಕದಲ್ಲಿರುತ್ತದೆ. ನಿಂತ ಕಾರಿನಲ್ಲಿ ಅದು ಗಾಳಿಗಿಂತ ಹೆಚ್ಚಾಗಿ ರಸ್ತೆಯ ಬಿಸಿಯನ್ನು ಅಳೆಯುತ್ತದೆ. ಇಲಾಖೆಯ ಉಷ್ಣಾಂಶವೆಂದರೆ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದದ್ದು. ಫೋನಿನಲ್ಲಿ ಕಾಣುವ "ಅನುಭವಕ್ಕೆ ಬರುವ ತಾಪ" ಮೂರನೆಯದೇ ಸಂಗತಿ, ಅದರಲ್ಲಿ ತೇವಾಂಶ ಮತ್ತು ಗಾಳಿಯ ಲೆಕ್ಕವೂ ಸೇರಿದೆ. ಈ ಮೂರನ್ನು ಒಂದಕ್ಕೊಂದು ಹೋಲಿಸಬಾರದು.

ಇಲಾಖೆಯ ಯಂತ್ರವೂ ತಪ್ಪಬಹುದು. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರ ಕೇಂದ್ರ 52.9 ಡಿಗ್ರಿ ತೋರಿಸಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಪರಿಶೀಲಿಸಿದಾಗ ಅಲ್ಲಿನ ಸಂವೇದಕ 3 ಡಿಗ್ರಿ ಹೆಚ್ಚು ತೋರಿಸುತ್ತಿದ್ದುದು ಗೊತ್ತಾಯಿತು. ಫೋಟೊ ಇನ್ನೂ ಓಡಾಡುತ್ತಿದೆ, ತಿದ್ದುಪಡಿ ಓಡಾಡುತ್ತಿಲ್ಲ.

"ಉಷ್ಣಾಂಶದ ಏರಿಕೆಯೆಲ್ಲ ನಗರದ ಕಾಂಕ್ರೀಟಿನ ಬಿಸಿ" ಎಂಬ ಮಾತಿನಲ್ಲಿ ಒಂದು ಪಾಲು ನಿಜವಿದೆ. 2016ರ ಏಪ್ರಿಲ್ 24ರಂದು ಬೆಂಗಳೂರು 39.2 ಡಿಗ್ರಿ ಮುಟ್ಟಿದ್ದರಲ್ಲಿ ಕೆರೆ, ಮರ ಕಳೆದುಕೊಂಡ ನಗರದ ಪಾತ್ರ ಇಲ್ಲವೆನ್ನಲಾಗದು. ಆದರೆ ಸಮುದ್ರಕ್ಕೆ ಯಾರೂ ಕಾಂಕ್ರೀಟ್ ಹಾಕಿಲ್ಲ. ಭೂಮಿಯಲ್ಲಿ ಸಂಗ್ರಹವಾಗುತ್ತಿರುವ ಹೆಚ್ಚುವರಿ ಶಾಖದಲ್ಲಿ ಶೇ 90ರಷ್ಟು ಹೋಗುತ್ತಿರುವುದು ಸಮುದ್ರಕ್ಕೆ. ಅದನ್ನು ಅಳೆಯುವ ಸುಮಾರು 4,000 ಆರ್ಗೊ ತೇಲುಯಂತ್ರಗಳು 2,000 ಮೀಟರ್ ಆಳದವರೆಗೆ ಮುಳುಗಿ ಎದ್ದು ಉಪಗ್ರಹಕ್ಕೆ ಲೆಕ್ಕ ಕಳಿಸುತ್ತವೆ. ಭಾರತದ ಆರ್ಗೊ ಯಂತ್ರಗಳನ್ನು ನೋಡಿಕೊಳ್ಳುವುದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ.

ಇದರ ಜೊತೆಗೇ ಬರುವ ಇನ್ನೊಂದು ಆರೋಪ: "ಹಳೆಯ ಅಂಕಿ ತಿದ್ದಿ ಏರಿಕೆ ತೋರಿಸಿದ್ದಾರೆ." ತಿದ್ದಿರುವುದು ನಿಜ. ಯಾಕೆ ಎಂದು ನೋಡಿ. ಹಿಂದೆ ಹಡಗಿನವರು ಕ್ಯಾನ್ವಾಸ್ ಬಕೆಟ್ ಇಳಿಬಿಟ್ಟು ಸಮುದ್ರದ ನೀರೆತ್ತಿ ಅಳೆಯುತ್ತಿದ್ದರು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವಂತೆ ಆ ಬಕೆಟ್ಟಿನ ನೀರೂ ಆವಿಯಾಗುತ್ತ ತಣ್ಣಗಾಗುತ್ತಿತ್ತು, ಅಂಕಿ ಕಡಿಮೆ ಬರುತ್ತಿತ್ತು. ಅದನ್ನು ಸರಿಪಡಿಸಿದಾಗ ಹಳೆಯ ಕಾಲದ ಉಷ್ಣಾಂಶ ಸ್ವಲ್ಪ ಮೇಲೇರುತ್ತದೆ. ಅಂದರೆ ಒಟ್ಟಾರೆ ತಿದ್ದುಪಡಿಯಿಂದ ಜಾಗತಿಕ ಏರಿಕೆಯ ಲೆಕ್ಕ ಇಳಿದಿದೆ, ಹೆಚ್ಚಿಲ್ಲ.

ರೇಖಾಚಿತ್ರ ನೀವೇ ಬಿಡಿಸಿ

ಇನ್ನೊಬ್ಬರು ಬಿಡಿಸಿ ಕಳಿಸಿದ ಗೆರೆಯನ್ನು ನಂಬುವುದಕ್ಕಿಂತ ಇದು ಮೇಲು.

1. ನಾಸಾದ ಗೊಡಾರ್ಡ್ ಸಂಸ್ಥೆಯ ಜಾಲತಾಣದಿಂದ ಜಾಗತಿಕ ಸರಾಸರಿ ಉಷ್ಣಾಂಶದ ಕಡತ ಇಳಿಸಿಕೊಳ್ಳಿ. 1880ರಿಂದ ತಿಂಗಳು ತಿಂಗಳಿನ ಲೆಕ್ಕ ಇದೆ, ಉಚಿತ.

2. ಸ್ಪ್ರೆಡ್‌ಶೀಟಿನಲ್ಲಿ ತೆರೆದು ವರ್ಷದ ಕಾಲಂ ಮತ್ತು "ಜೆ-ಡಿ" ಕಾಲಂ ಮಾತ್ರ ಉಳಿಸಿಕೊಳ್ಳಿ. ಅದು ಜನವರಿಯಿಂದ ಡಿಸೆಂಬರ್‌ವರೆಗಿನ ಸರಾಸರಿ. ಪಕ್ಕದ "ಡಿ-ಎನ್" ಡಿಸೆಂಬರ್‌ನಿಂದ ನವೆಂಬರ್‌ವರೆಗಿನದು, ಬಹಳ ಜನ ಇಲ್ಲಿ ಅದಲುಬದಲು ಮಾಡುತ್ತಾರೆ.

3. ನಕ್ಷತ್ರ ಚಿಹ್ನೆಗಳಿರುವ ಸಾಲುಗಳಲ್ಲಿ ಲೆಕ್ಕ ಇನ್ನೂ ಪೂರ್ತಿಯಾಗಿಲ್ಲ. ಅಳಿಸಿಬಿಡಿ. ಬಿಟ್ಟರೆ ಕೆಲವು ತಂತ್ರಾಂಶಗಳು ಅದನ್ನು ಸೊನ್ನೆ ಎಂದು ಓದಿ ಗೆರೆಯನ್ನು ಕೊನೆಯಲ್ಲಿ ದೊಪ್ಪೆಂದು ಕೆಳಗಿಳಿಸುತ್ತವೆ.

4. "ಸ್ಲೋಪ್" (SLOPE) ಸೂತ್ರ ಹಾಕಿ, ಗೆರೆ ವರ್ಷಕ್ಕೆ ಎಷ್ಟು ಏರುತ್ತಿದೆ ಎಂದು ಅದು ಹೇಳುತ್ತದೆ. ಮೊದಲು ಉಷ್ಣಾಂಶದ ಕಾಲಂ, ಆಮೇಲೆ ವರ್ಷದ ಕಾಲಂ. ತಿರುವುಮುರುವಾದರೆ ಅರ್ಥವಿಲ್ಲದ ದೊಡ್ಡ ಸಂಖ್ಯೆ ಬರುತ್ತದೆ. ಬಂದ ಉತ್ತರವನ್ನು 10ರಿಂದ ಗುಣಿಸಿದರೆ ಒಂದು ದಶಕದ ಏರಿಕೆ. 1975ರಿಂದ 2024ರವರೆಗೆ ಹಾಕಿದರೆ ಸುಮಾರು 0.2 ಡಿಗ್ರಿ ಸಿಗಬೇಕು.

ಈಗ ಮೋಸ ಹೇಗೆ ನಡೆಯುತ್ತದೆ ಎಂಬುದನ್ನೂ ನೀವೇ ಮಾಡಿ ನೋಡಿ. 1998ರಿಂದ 2012ರವರೆಗಿನ ತುಂಡನ್ನು ಮಾತ್ರ ಆರಿಸಿ, ಏರಿಕೆ ಸಪ್ಪೆಯಾಗುತ್ತದೆ. ಶುರುವನ್ನು ಒಂದೇ ವರ್ಷ ಸರಿಸಿ 1999 ಮಾಡಿ, ಸಂಖ್ಯೆ ಮತ್ತೆ ಏರುತ್ತದೆ. 1998 ಭಾರೀ ಎಲ್ ನಿನೊ (ಪೆಸಿಫಿಕ್ ಸಾಗರದ ಮೇಲ್ನೀರು ಎಂದಿಗಿಂತ ಬಿಸಿಯಾಗುವ ವಿದ್ಯಮಾನ) ಇದ್ದ ವರ್ಷ, ಆ ಕಾಲಕ್ಕೆ ದಾಖಲೆ ಬಿಸಿ. ಗುಡ್ಡದ ತುದಿಯಿಂದ ಅಳೆಯಲು ಶುರುಮಾಡಿದರೆ ಮುಂದಿನ ದಾರಿಯೆಲ್ಲ ಚಪ್ಪಟೆಯಾಗಿಯೇ ಕಾಣುತ್ತದೆ. "ಬಿಸಿಯೇರಿಕೆ ನಿಂತಿದೆ" ಎಂಬ ಸಂದೇಶಗಳಲ್ಲಿ ಹೆಚ್ಚಿನವು ಈ ಒಂದು ಕೈಚಳಕದಲ್ಲೇ ಬದುಕಿದ್ದವು.

2024ರ ಬಿಸಿಯೇರಿಕೆ ಎಷ್ಟು ಎಂದರೆ ಒಬ್ಬರು 1.55 ಡಿಗ್ರಿ ಎನ್ನುತ್ತಾರೆ, ಇನ್ನೊಬ್ಬರು 1.28, ನಮ್ಮ ಇಲಾಖೆ 0.65. "ನೋಡಿ, ವಿಜ್ಞಾನಿಗಳಿಗೇ ಒಮ್ಮತವಿಲ್ಲ" ಎಂದು ಕೂಗುವ ಮುನ್ನ ಹೋಲಿಕೆಯ ಅವಧಿ ನೋಡಿ. ವಿಶ್ವ ಹವಾಮಾನ ಸಂಸ್ಥೆಯ 1.55 ಇರುವುದು 1850–1900ರ ಸರಾಸರಿಗೆ ಹೋಲಿಸಿ. ನಾಸಾದ 1.28 ಇರುವುದು 1951–1980ಕ್ಕೆ. ಭಾರತದ 0.65 ನಮ್ಮ ದೇಶದ ನೆಲಕ್ಕೆ ಮಾತ್ರ ಸೇರಿದ್ದು, ಅದೂ 1991–2020ರ ಸರಾಸರಿಗೆ ಹೋಲಿಸಿ. ಒಂದೇ ಮಗುವಿನ ಎತ್ತರವನ್ನು ನೆಲದಿಂದ, ಸ್ಟೂಲಿನಿಂದ, ಮೇಜಿನಿಂದ ಅಳೆದಂತೆ.

ಇಂಗಾಲದ ಲೆಕ್ಕ: ನಾಲ್ಕು ತಪ್ಪಿಗೆ ಎರಡು ಉತ್ತರ

"ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರೋದೇ ಶೇ 0.04, ಅದೇನು ಮಾಡೀತು?" ಉತ್ತರಕ್ಕೆ ಬಕೆಟ್ ತನ್ನಿ. ಹತ್ತು ಲೀಟರ್ ನೀರಿಗೆ ಬಿಳಿ ಬಟ್ಟೆಗೆ ಹಾಕುವ ನೀಲಿ ನಾಲ್ಕು ಮಿ.ಲೀ. ಹಾಕಿ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಇದೂ ಶೇ 0.04. ಬಕೆಟ್ ಪೂರ್ತಿ ಬಣ್ಣ ತಿರುಗುತ್ತದೆ, ಯಾಕೆಂದರೆ ನೀರು ಬೆಳಕನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ, ತಡೆಯುವ ಕೆಲಸ ನೀಲಿಯೊಂದರದ್ದೇ. ಗಾಳಿಯಲ್ಲೂ ಹಾಗೇ. ಒಣ ಗಾಳಿಯ ಶೇ 99.9ಕ್ಕೂ ಮಿಕ್ಕ ಭಾಗವಾದ ಸಾರಜನಕ, ಆಮ್ಲಜನಕ, ಆರ್ಗಾನ್‌ಗಳು ನೆಲದಿಂದ ಮೇಲೇಳುವ ಶಾಖಕಿರಣವನ್ನು ತಡೆಯುವುದೇ ಇಲ್ಲ. ತಡೆಯುವವು ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ನಂಥ ಕೆಲವೇ ಅನಿಲಗಳು. ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದ ಜಾನ್ ಟಿಂಡಾಲ್ ಕೆಲಸ 1859ರದು. ಈ ಅನಿಲಗಳಿಲ್ಲದಿದ್ದರೆ ಭೂಮಿಯ ಸರಾಸರಿ ಈಗಿನ 15 ಡಿಗ್ರಿಯ ಬದಲು ಮೈನಸ್ 18ರ ಆಸುಪಾಸು ಇರುತ್ತಿತ್ತು.

"ಇಂಗಾಲ ಬರೋದು ಜ್ವಾಲಾಮುಖಿಯಿಂದ", "ಸಮುದ್ರದಿಂದ", "ಉಸಿರಿನಿಂದ": ಈ ಮೂರಕ್ಕೂ ಒಂದೇ ಕೂಡು-ಕಳೆಯುವ ಲೆಕ್ಕ ಸಾಕು. ಬರೆದುಕೊಳ್ಳಿ:

ಗಾಳಿಯಲ್ಲಿ 1 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಹೆಚ್ಚಲು ಬೇಕಾದ ಇಂಗಾಲದ ಡೈಆಕ್ಸೈಡ್: ಸುಮಾರು 780 ಕೋಟಿ ಟನ್.
ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟಿನಿಂದ ವರ್ಷಕ್ಕೆ ಹೊರಬರುವುದು: ಸುಮಾರು 3,700 ಕೋಟಿ ಟನ್.
ಅಷ್ಟೂ ಗಾಳಿಯಲ್ಲೇ ಉಳಿದರೆ ಆಗಬೇಕಾದ ಏರಿಕೆ: 3,700 ÷ 780, ಅಂದರೆ 4.7 ಪಿಪಿಎಂ.
ಇತ್ತೀಚಿನ ವರ್ಷಗಳಲ್ಲಿ ನಿಜಕ್ಕೂ ಆಗುತ್ತಿರುವ ಏರಿಕೆ: ವರ್ಷಕ್ಕೆ ಸುಮಾರು 2.5 ಪಿಪಿಎಂ.

ನಾವು ಹಾಕಿದ್ದರಲ್ಲಿ ಅರ್ಧದಷ್ಟು ಮಾತ್ರ ಗಾಳಿಯಲ್ಲಿ ಉಳಿಯುತ್ತಿದೆ. ಉಳಿದದ್ದನ್ನು ಸಮುದ್ರ ಮತ್ತು ಕಾಡು ಹೀರಿಕೊಳ್ಳುತ್ತಿವೆ. ಅಂದಮೇಲೆ ಪ್ರಕೃತಿ ಒಟ್ಟಾರೆಯಾಗಿ ಕೊಡುವ ಕಡೆಯಲ್ಲಿಲ್ಲ, ತೆಗೆದುಕೊಳ್ಳುವ ಕಡೆಯಲ್ಲಿದೆ. ಜ್ವಾಲಾಮುಖಿಗಳ ವರ್ಷದ ಕೊಡುಗೆ ಮನುಷ್ಯನದರ ಶೇ 2ನ್ನೂ ಮುಟ್ಟುವುದಿಲ್ಲ. ಉಸಿರಿನಲ್ಲಿ ಬಿಡುವ ಇಂಗಾಲವು ಕಳೆದ ವರ್ಷದ ರಾಗಿ, ಭತ್ತ ಗಾಳಿಯಿಂದಲೇ ಎತ್ತಿಕೊಂಡದ್ದು, ಜಮಾ-ಖರ್ಚು ಸರಿಹೋಗುತ್ತದೆ.

ಇದಕ್ಕೆ ಬೆರಳಚ್ಚಿನಂಥ ಸಾಕ್ಷಿಯೂ ಇದೆ. ಗಾಳಿಯ ಇಂಗಾಲದಲ್ಲಿ ಸ್ವಲ್ಪ ವಿಕಿರಣಶೀಲ ಇಂಗಾಲ-14 ಇರುತ್ತದೆ, ಅದರ ಅರ್ಧಾಯುಷ್ಯ 5,730 ವರ್ಷ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಅದು ಪೂರ್ತಿ ಕರಗಿಹೋಗಿದೆ. ಅಂಥ "ಹಳೆಯ" ಇಂಗಾಲ ಬೆರೆತಷ್ಟೂ ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗುತ್ತದೆ. ಅಳತೆಯಲ್ಲಿ ಕಾಣುತ್ತಿರುವುದೂ ಅದೇ. ಜೊತೆಗೆ ಗಾಳಿಯ ಆಮ್ಲಜನಕ ಅತಿ ಸಣ್ಣ ಪ್ರಮಾಣದಲ್ಲಿ ಇಳಿಯುತ್ತಿದೆ. ಏನನ್ನಾದರೂ ಸುಟ್ಟಾಗ ಆಗಬೇಕಾದದ್ದೂ ಅದೇ ತಾನೆ. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಶುರುಮಾಡಿದಾಗ ಸುಮಾರು 315 ಪಿಪಿಎಂ ಇತ್ತು. 2024ರ ಸರಾಸರಿ 424 ದಾಟಿತು. ಕಾರ್ಖಾನೆಗಳ ಯುಗಕ್ಕೆ ಮುಂಚೆ ಇದ್ದದ್ದು 280.

ಸೂರ್ಯ, ಓಝೋನ್, ಹಿಮಯುಗ

ಸೂರ್ಯನನ್ನು ಉಪಗ್ರಹಗಳು 1978ರಿಂದ ಅಳೆಯುತ್ತಿವೆ. 11 ವರ್ಷಗಳ ಆವರ್ತದಲ್ಲಿ ಶೇ 0.1ರಷ್ಟು ಏರಿಳಿತ ಇದೆ, ಈ ಅವಧಿಯಲ್ಲಿ ಒಟ್ಟಾರೆ ಏರಿಕೆ ಇಲ್ಲ. ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ ಇದು: ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲ್ಪದರವೂ ಬಿಸಿಯಾಗಬೇಕಿತ್ತು. ಕೆಳಪದರ ಬಿಸಿಯಾಗುತ್ತ ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಕಂಬಳಿ ಹೊದ್ದರೆ ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ.

ಓಝೋನ್ ರಂಧ್ರ ಬೇರೆಯೇ ಸಮಸ್ಯೆ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ನಿಧಾನವಾಗಿ ಗುಣವಾಗುತ್ತಿದೆ. "ರಂಧ್ರದಿಂದ ಬಿಸಿಲು ಒಳಗೆ ಬಂದು ಸೆಕೆ ಆಗುತ್ತಿದೆ" ಎನ್ನುವ ವಿವರಣೆ ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಇನ್ನೂ ಉಳಿದಿದೆ, ತಿದ್ದಿಬಿಡಿ.

"ಹಿಂದೆಯೂ ಬದಲಾಗಿತ್ತಲ್ಲ" ಎಂಬ ಮಾತು ಸುಳ್ಳಲ್ಲ, ವೇಗದ ಲೆಕ್ಕ ಬಿಟ್ಟುಹೋಗಿದೆ. ಕಳೆದ ಹಿಮಯುಗದಿಂದ ಹೊರಬರುವಾಗ ಸುಮಾರು 6 ಡಿಗ್ರಿ ಏರಲು 10,000 ವರ್ಷದಷ್ಟು ಹಿಡಿಯಿತು, ಅಂದರೆ ಸರಾಸರಿ ಶತಮಾನಕ್ಕೆ 0.06. ನೀವು ಬಿಡಿಸಿದ ಗೆರೆಯ ಪ್ರಕಾರ ಈಗಿನದು ಶತಮಾನಕ್ಕೆ 2 ಡಿಗ್ರಿಯ ವೇಗ. ಮೂವತ್ತು ಪಟ್ಟು ಹೆಚ್ಚು.

ಲೋಟದ ಪ್ರಯೋಗ, ಮತ್ತು ಮಾಡಬಾರದ ಒಂದು ಪ್ರಯೋಗ

"ಲೋಟದಲ್ಲಿ ಐಸ್ ಕರಗಿದರೆ ನೀರು ಏರುತ್ತಾ? ಹಾಗಾದರೆ ಸಮುದ್ರ ಹೇಗೆ ಏರುತ್ತೆ?" ಒಳ್ಳೆಯ ಪ್ರಶ್ನೆ, ಮಾಡಿಯೇ ನೋಡಿ. ಒಂದೇ ಅಳತೆಯ ಎರಡು ಲೋಟ. ಮೊದಲನೆಯದರಲ್ಲಿ ನೀರಿಗೆ ಮೂರು ಐಸ್ ತುಂಡು ತೇಲಿಬಿಡಿ. ಎರಡನೆಯದರಲ್ಲಿ ನೀರಿನಿಂದ ಮೇಲೆ ತಲೆ ಎತ್ತುವಷ್ಟು ಎತ್ತರದ ಕಲ್ಲಿಟ್ಟು ಅದರ ಮೇಲೆ ಮೂರು ತುಂಡು ಇಡಿ. ಎರಡರಲ್ಲೂ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗುರುತು ಹಾಕಿ ಎರಡು ಗಂಟೆ ಬಿಡಿ. ಮೊದಲನೆಯದು ಕದಲುವುದಿಲ್ಲ, ಎರಡನೆಯದು ಏರುತ್ತದೆ. ಉತ್ತರ ಧ್ರುವದ ತೇಲುವ ಮಂಜು ಮೊದಲ ಲೋಟ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ನೆಲದ ಮೇಲಿನ ಮಂಜು ಎರಡನೆಯದು. ಗ್ರೀನ್‌ಲ್ಯಾಂಡ್ ಒಂದೇ ಪೂರ್ತಿ ಕರಗಿದರೆ ಸುಮಾರು 7 ಮೀಟರ್, ಆದರೆ ಅದಕ್ಕೆ ಶತಮಾನಗಳೇ ಬೇಕು. ಬಿಸಿಯಾದ ನೀರು ಹಿಗ್ಗುವುದರಿಂದಲೂ ಮಟ್ಟ ಏರುತ್ತದೆ. 1900ರಿಂದ ಈಚೆಗೆ ಒಟ್ಟು 20 ಸೆಂ.ಮೀ. ಆಸುಪಾಸು ಏರಿದೆ.

ಎಡವುವ ಜಾಗಗಳು: ಮೊದಲ ಲೋಟದಲ್ಲಿ ನೀರು ಕಡಿಮೆಯಾಗಿ ಐಸ್ ತಳಕ್ಕೆ ತಾಗಿದ್ದರೆ ಅಲ್ಲೂ ಮಟ್ಟ ಏರುತ್ತದೆ. ಉಪ್ಪುನೀರು ಹಾಕಿದರೆ ಅತಿ ಸ್ವಲ್ಪ ಏರಿಕೆ ಕಾಣಬಹುದು, ಕರಗಿದ ಸಿಹಿನೀರು ಉಪ್ಪುನೀರಿಗಿಂತ ಹಗುರ. ಗುರುತು ಹಾಕುವ ಮುನ್ನ ಲೋಟದ ಹೊರಮೈ ಒರೆಸಿ, ಬೆವರಿದ ಗಾಜಿನ ಮೇಲೆ ಪೆನ್ನು ಹಿಡಿಯುವುದಿಲ್ಲ.

ಮಾಡಬಾರದ್ದು: ಎರಡು ಪ್ಲಾಸ್ಟಿಕ್ ಬಾಟಲಿ, ಒಂದರಲ್ಲಿ ಅಡುಗೆ ಸೋಡ ಮತ್ತು ವಿನೆಗರ್, ಮೇಲೆ ಬಲ್ಬು, "ಇಂಗಾಲದ ಡೈಆಕ್ಸೈಡ್ ಇರುವ ಬಾಟಲಿ ಬಿಸಿಯಾಯಿತು ನೋಡಿ." ವಿಜ್ಞಾನ ಮೇಳಗಳಲ್ಲಿ ಜನಪ್ರಿಯ, ಭೌತವಿಜ್ಞಾನ ಮಾತ್ರ ತಪ್ಪು. ಗಾಜು, ಪ್ಲಾಸ್ಟಿಕ್ ತಾವೇ ಶಾಖಕಿರಣವನ್ನು ಹೀರುತ್ತವೆ. ಅಲ್ಲಿ ಬಿಸಿ ಹೆಚ್ಚುವುದು ಭಾರವಾದ ಅನಿಲ ಗಾಳಿಯೊಡನೆ ಬೇಗ ಬೆರೆಯದ ಕಾರಣಕ್ಕೆ. ಹಸಿರುಮನೆ ಅನಿಲವೇ ಅಲ್ಲದ ಆರ್ಗಾನ್ ತುಂಬಿದರೂ ಅದೇ ಫಲಿತಾಂಶ ಬರುತ್ತದೆ. ಸಾಲದ್ದಕ್ಕೆ ಸೋಡ-ವಿನೆಗರ್ ಬೆರೆತಾಗ ದ್ರವ ತಣ್ಣಗಾಗುತ್ತದೆ. ಮಕ್ಕಳಲ್ಲೊಬ್ಬರು ಜಾಣ ಪ್ರಶ್ನೆ ಕೇಳಿದರೆ ಇಡೀ ವಿಷಯದ ಮೇಲೇ ಅನುಮಾನ ಬರುತ್ತದೆ. ಬದಲಿಗೆ ಕಾರ್ಖಾನೆಗಳಲ್ಲಿ ಬಳಸುವ ಇನ್ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ರಾತ್ರಿ ಆಕಾಶಕ್ಕೆ ಗುರಿಯಿಡಿ. ತಿಳಿ ಆಕಾಶಕ್ಕಿಂತ ಮೋಡವಿದ್ದಾಗ ಅಂಕಿ ಸಾಕಷ್ಟು ಹೆಚ್ಚಿರುತ್ತದೆ. ಅದು ನೀರಾವಿ, ಮೋಡಗಳು ಕೆಳಕ್ಕೆ ಮರಳಿಸುವ ಶಾಖ. ಕೋವಿಡ್ ಕಾಲದ ಹಣೆ ಥರ್ಮಾಮೀಟರ್ ಇದಕ್ಕೆ ಆಗದು, ಅದು ಮೈಶಾಖದ ಆಸುಪಾಸಿನ ಅಂಕಿಗಳನ್ನಷ್ಟೇ ತೋರಿಸುತ್ತದೆ.

ಮಳೆಯ ಮಾತು

"ಮಳೆ ಒಟ್ಟು ಸಾಮಾನ್ಯವೇ ಆಗಿದೆ, ಏನು ಬದಲಾಗಿದೆ?" ಒಟ್ಟು ಮೊತ್ತ ಬಹಳಷ್ಟನ್ನು ಮುಚ್ಚಿಡುತ್ತದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಬಿಡುವಾಗಲೂ ಒಮ್ಮೆಗೇ ಬಿಡುತ್ತದೆ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ವ್ಯಾಪಕ ಅತಿ ಭಾರೀ ಮಳೆಯ ಪ್ರಸಂಗಗಳು ಮೂರು ಪಟ್ಟಾದವು. ಅದೇ ಅವಧಿಯಲ್ಲಿ ಅಲ್ಲಿನ ಒಟ್ಟು ಮುಂಗಾರು ಹೆಚ್ಚಲಿಲ್ಲ.

ನಿಮ್ಮ ಊರಿನ ಲೆಕ್ಕ ತೆಗೆಯಲು ದಿನವಹಿ ಅಂಕಿ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದೆ. ಕೊಡಗು, ಚಿಕ್ಕಮಗಳೂರಿನ ಹಳೆಯ ಕಾಫಿ ತೋಟಗಳ ಮಳೆ ರಿಜಿಸ್ಟರುಗಳು ಇದಕ್ಕೆ ಚಿನ್ನದಂಥವು. ಅಲ್ಲಿ ಲೆಕ್ಕ ಇಂಚಿನಲ್ಲಿರುತ್ತದೆ, 25.4ರಿಂದ ಗುಣಿಸಿ ಮಿ.ಮೀ. ಮಾಡಿಕೊಳ್ಳಿ. ಪ್ರತಿ ವರ್ಷಕ್ಕೆ ಮೂರು ಸಂಖ್ಯೆ ತೆಗೆಯಿರಿ: 2.5 ಮಿ.ಮೀ. ಅಥವಾ ಹೆಚ್ಚು ಬಂದ ದಿನಗಳೆಷ್ಟು (ಇಲಾಖೆಯ ಲೆಕ್ಕದಲ್ಲಿ ಇದು "ಮಳೆ ದಿನ"), 64.5 ಮಿ.ಮೀ. ದಾಟಿದ ದಿನಗಳೆಷ್ಟು (ಭಾರೀ ಮಳೆ), ಮುಂಗಾರಿನಲ್ಲಿ ಸತತವಾಗಿ ಒಣಗಿದ ಅತಿ ದೀರ್ಘ ಅವಧಿ ಎಷ್ಟು ದಿನ. ಮಾಪಕ ಓದುವುದು ಬೆಳಿಗ್ಗೆ 8:30ಕ್ಕೆ. ಹಾಗಾಗಿ ರಾತ್ರಿ ಸುರಿದ ಮಳೆ ಮರುದಿನದ ತಾರೀಕಿನಲ್ಲಿರುತ್ತದೆ, ಪತ್ರಿಕೆಯ ಸುದ್ದಿಯೊಡನೆ ತಾಳೆ ನೋಡುವಾಗ ನೆನಪಿರಲಿ. ಮೂವತ್ತು ವರ್ಷಕ್ಕಿಂತ ಕಡಿಮೆ ಲೆಕ್ಕವಿದ್ದರೆ ತೀರ್ಮಾನಕ್ಕೆ ಬರಬೇಡಿ.

"ಮೃಗಶಿರಾ, ಆರಿದ್ರಾ ಮಳೆ ತಪ್ಪುತ್ತಿರುವುದು ಪಂಚಾಂಗದ ನಕ್ಷತ್ರಗಳು ಸರಿದಿದ್ದರಿಂದ" ಎನ್ನುವವರಿದ್ದಾರೆ. ಸರಿಯುವುದು ನಿಜ. ನಿರಯನ ವರ್ಷ, ಅಂದರೆ ನಕ್ಷತ್ರಗಳನ್ನು ಆಧರಿಸಿದ ಪಂಚಾಂಗದ ವರ್ಷ, ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 20 ನಿಮಿಷ ಕೂಡಿ ಒಂದು ದಿನವಾಗಲು 70 ವರ್ಷ ಬೇಕು. ಅಜ್ಜನ ಕಾಲದಿಂದ ಮೊಮ್ಮಗನ ಕಾಲಕ್ಕೆ ಒಂದು ದಿನದ ವ್ಯತ್ಯಾಸ. ಎರಡು ವಾರ ತಡವಾದ ಬಿತ್ತನೆಗೆ ಅದು ಕಾರಣವಾಗಲಾರದು.

"ಇಂಗಾಲ ಗಿಡಗಳಿಗೆ ಆಹಾರ, ಬೆಳೆ ಹೆಚ್ಚುತ್ತೆ" ಎಂಬುದನ್ನು ಬೆಳೆವಾರು ನೋಡಬೇಕು. ಭತ್ತ, ಶೇಂಗಾ, ತೊಗರಿಗೆ ಇಂಗಾಲ ಹೆಚ್ಚಾದರೆ ಸ್ವಲ್ಪ ಲಾಭ ಇದೆ. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಬೇರೆ ಬಗೆಯ ದ್ಯುತಿಸಂಶ್ಲೇಷಣೆಯ ಗಿಡಗಳು. ಅವು ಈಗಲೇ ಇಂಗಾಲವನ್ನು ಒಳಗೆ ಸಾಂದ್ರಮಾಡಿಕೊಳ್ಳುವುದರಿಂದ ಹೆಚ್ಚಿಗೆ ಸಿಕ್ಕರೂ ಲಾಭ ಅತ್ಯಲ್ಪ. ಭತ್ತಕ್ಕೂ ಹೂವಿನ ಹೊತ್ತಿಗೆ ಉಷ್ಣಾಂಶ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ತೆನೆ ಜೊಳ್ಳಾಗುತ್ತದೆ. ಇಂಗಾಲ ಹೆಚ್ಚಿಸಿ ಬೆಳೆಸಿದ ಅಕ್ಕಿ, ಗೋಧಿಯಲ್ಲಿ ಪ್ರೋಟೀನ್, ಸತು, ಕಬ್ಬಿಣ ಕಡಿಮೆಯಾದದ್ದು ಹೊಲದ ಪ್ರಯೋಗಗಳಲ್ಲೇ ಕಂಡಿದೆ.

ಪರಿಹಾರದ ಹೆಸರಿನ ಸಂದೇಶಗಳಿಗೂ ಕ್ಯಾಲ್ಕ್ಯುಲೇಟರ್

ಈ ಅಂದಾಜುಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಪೆಟ್ರೋಲ್ ಒಂದು ಲೀಟರಿಗೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಡೀಸೆಲ್ 2.7. ಅಡುಗೆ ಅನಿಲದ 14.2 ಕೆ.ಜಿ. ಸಿಲಿಂಡರಿಗೆ ಸುಮಾರು 42 ಕೆ.ಜಿ. ದೇಶದ ಗ್ರಿಡ್ಡಿನ ವಿದ್ಯುತ್ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ 2.3 ಕೆ.ಜಿ. ಹೇಗೆ ಎಂದು ಯಾರಾದರೂ ನಗಬಹುದು. ಉರಿಯುವಾಗ ಇಂಗಾಲದ ಪ್ರತಿ 12 ಪಾಲಿಗೆ ಗಾಳಿಯ ಆಮ್ಲಜನಕದ 32 ಪಾಲು ಸೇರಿಕೊಳ್ಳುತ್ತದೆ.

"ಎಲೆಕ್ಟ್ರಿಕ್ ಸ್ಕೂಟರ್ ಓಡೋದೂ ಕಲ್ಲಿದ್ದಲಿನಿಂದಲೇ." 100 ಕಿ.ಮೀ.ಗೆ ಗೋಡೆಯ ಪ್ಲಗ್ಗಿನಿಂದ 3.5 ಯೂನಿಟ್ ಹಿಡಿಯಿರಿ. ತಂತಿಯಲ್ಲಿ ಶೇ 15 ನಷ್ಟ ಸೇರಿಸಿದರೆ ಸುಮಾರು 2.9 ಕೆ.ಜಿ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರಿಗೆ 5.1 ಕೆ.ಜಿ. ವ್ಯತ್ಯಾಸ 2.2. ಬ್ಯಾಟರಿ ತಯಾರಿಕೆಯಲ್ಲೇ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕೆ.ಜಿ. ಹೊರಬಿದ್ದಿರುತ್ತದೆ. 3 ಯೂನಿಟ್ ಬ್ಯಾಟರಿಯಾದರೆ 180ರಿಂದ 300 ಕೆ.ಜಿ. ಅದು ತೀರಲು ಸುಮಾರು 8,000ದಿಂದ 14,000 ಕಿ.ಮೀ. ಓಡಬೇಕು. ದಿನಾ 30 ಕಿ.ಮೀ. ಓಡಿಸುವವರಿಗೆ ಮುಕ್ಕಾಲರಿಂದ ಒಂದೂಕಾಲು ವರ್ಷದಲ್ಲಿ ತೀರುತ್ತದೆ. ಮೂಲೆಯಲ್ಲಿ ನಿಲ್ಲಿಸಿಡುವವರಿಗೆ ತೀರುವುದೇ ಇಲ್ಲ.

"ಮನೆಗೊಂದು ಮರ ನೆಟ್ಟರೆ ಸಾಕು." ತಿಂಗಳಿಗೆ 100 ಯೂನಿಟ್ ವಿದ್ಯುತ್, 10 ಲೀಟರ್ ಪೆಟ್ರೋಲ್, ವರ್ಷಕ್ಕೆ 8 ಸಿಲಿಂಡರ್ ಬಳಸುವ ಮನೆಯ ಲೆಕ್ಕ 840 + 276 + 336, ಅಂದರೆ 1,450 ಕೆ.ಜಿ. ಮಿಕ್ಕಿತು. ಬೆಳೆದು ನಿಂತ ಮರವೊಂದು ವರ್ಷಕ್ಕೆ ಹಿಡಿದಿಡುವುದು 20 ಕೆ.ಜಿ.ಯ ಆಸುಪಾಸು. ಎಪ್ಪತ್ತಕ್ಕೂ ಹೆಚ್ಚು ಮರ ಬೇಕು, ಅದೂ ಸಸಿಯಲ್ಲ, ಬೆಳೆದ ಮರ. ನೆಡಬೇಡಿ ಎಂದಲ್ಲ, ನೆರಳು, ನೀರು, ಹಕ್ಕಿಗಾಗಿ ನೆಡಿ. ಬಿಲ್ಲಿನ ಬದಲಿಗೆ ಅದನ್ನು ಜಮಾ ತೋರಿಸಬೇಡಿ.

ಕೊನೆಯದಾಗಿ, ನಮ್ಮ ಕಡೆಯವರದೇ ಅತಿರೇಕವನ್ನೂ ಇದೇ ಒರೆಗೆ ಹಚ್ಚಿ. ಪ್ರತಿ ನೆರೆಯೂ ಹವಾಮಾನ ಬದಲಾವಣೆಯ ಫಲ ಎನ್ನುವುದು ಲೆಕ್ಕವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗ ಮುಳುಗಿದಾಗ ಮಳೆ ಜೋರಾಗಿದ್ದುದು ನಿಜ, ರಾಜಕಾಲುವೆ ಮತ್ತು ಕೆರೆ ಅಂಗಳದ ಮೇಲೆ ಕಟ್ಟಡ ಎದ್ದಿದ್ದೂ ನಿಜ. "ಎಲ್ಲಾ ಹವಾಮಾನದ ಆಟ" ಎಂದುಬಿಟ್ಟರೆ ಕಾಲುವೆ ಮುಚ್ಚಿದವರು ಆರಾಮಾಗಿ ಪಾರಾಗುತ್ತಾರೆ. ಇಂಥ ಸಂದೇಶ ಬಂದಾಗ ಎರಡು ಸಾಲು ಬರೆಯಿರಿ: ಆ ದಿನ ಎಷ್ಟು ಮಿ.ಮೀ. ಬಿತ್ತು, ಆ ನೀರು ಹಿಂದೆ ಯಾವ ದಾರಿಯಲ್ಲಿ ಹರಿದುಹೋಗುತ್ತಿತ್ತು. ಮೊದಲನೆಯದಕ್ಕೆ ಮಳೆಮಾಪಕದ ಅಂಕಿ, ಎರಡನೆಯದಕ್ಕೆ ಹಳೆಯ ಗ್ರಾಮ ನಕ್ಷೆ.